ವಿಕ್ಕಾ ಕಲಿಸ್ತೀನಿ ಅನ್ನುವವರನ್ನು ನಂಬುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿನಲ್ಲಿ ಇರುವವಳು. ವಿಕ್ಕಾ ಅನ್ನುವುದು ಬ್ರಿಟನ್ನಿನಲ್ಲಿ ಹುಟ್ಟಿದ, ತಮ್ಮನ್ನು "ವಿಚ್" ಅಂದುಕೊಳ್ಳುವವರ ಒಂದು ಧರ್ಮ; ಅದರ ಜೊತೆ ನನ್ನ ಒಡನಾಟ ಎಂಟು ವರ್ಷದ್ದು. ಯಾರಿಗೂ ಗುರು ಅಲ್ಲ, ಆಗುವ ಆಸೆಯೂ ಇಲ್ಲ. ಆದರೂ ಬೆಂಗಳೂರು, ಮೈಸೂರಿನ ಗೆಳತಿಯರು, ಅವರ ತಂಗಿಯರು, ಇಲ್ಲಿಗೆ ಓದಲು ಬಂದ ಹುಡುಗರು ಎಲ್ಲರೂ ಕೇಳುವುದು ಒಂದೇ: "ಇಂಥವರು ಕಲಿಸ್ತಾರಂತೆ, ನಂಬಬಹುದಾ?" ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಮೊದಲು ಇದು ಹೇಳಿ, ವಿಕ್ಕಾ ಅಂದರೆ ನಮ್ಮ ಕಡೆಯ ಮಾಟ ಮಂತ್ರನಾ?

ಅಲ್ಲ. "ವಿಚ್" ಅನ್ನುವುದಕ್ಕೆ ಕನ್ನಡದಲ್ಲಿ "ಮಾಟಗಾತಿ" ಅಂತ ಬರೆದ ಕೂಡಲೇ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವ ಜಾಗ ಕಣ್ಣಿಗೆ ಬರುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಅಂತ ಬರೆದಿತ್ತು. ರಾತ್ರಿ ಬಂದು ಬಾಗಿಲು ತಟ್ಟುವವಳು ಅದನ್ನು ಓದಿ ವಾಪಸ್ ಹೋಗುತ್ತಾಳೆ ಅಂತ! (ಓದು ಬರಹ ಬಲ್ಲ ದೆವ್ವ, ಅದೂ ಕನ್ನಡ.)

ವಿಕ್ಕಾದ ಕಥೆ ಬೇರೆ. ಬ್ರಿಟನ್ನಿನಲ್ಲಿ ಮಾಟದ ಬಗ್ಗೆ ಇದ್ದ 1735ರ ಕಾಯ್ದೆ 1951ರಲ್ಲಿ ರದ್ದಾಯಿತು. ಅದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಎನ್ನುವವರು, ಸಿಲೋನ್ ಮತ್ತು ಮಲಯಾದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಬಂದಿದ್ದ ಅಧಿಕಾರಿ, 1954ರಲ್ಲಿ ಪುಸ್ತಕ ಬರೆದು ಇದನ್ನು ಬಹಿರಂಗ ಮಾಡಿದರು. ದೇವಿ ಒಬ್ಬಳು, ಕೊಂಬಿನ ದೇವರು ಒಬ್ಬ, ಹುಣ್ಣಿಮೆಯ ಪೂಜೆ, ವರ್ಷಕ್ಕೆ ಎಂಟು ಹಬ್ಬ. ಯಾರಿಗೂ ಕೇಡಾಗದ ಹಾಗೆ ನಿನಗೆ ಬೇಕಾದ್ದು ಮಾಡು ಅನ್ನುವುದು ಮುಖ್ಯ ಸೂತ್ರ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1986ರಲ್ಲೇ ಇದನ್ನು ಧರ್ಮ ಅಂತ ಒಪ್ಪಿಕೊಂಡಿದೆ.

ಸೇರಿ ಪೂಜೆ ಮಾಡುವ ಸಣ್ಣ ಗುಂಪಿಗೆ "ಕವನ್" ಅನ್ನುತ್ತಾರೆ. ಕವನ ಅಲ್ಲ. ನಮ್ಮಮ್ಮನಿಗೆ ಇವತ್ತಿಗೂ ಮಗಳು ಪ್ರತಿ ಹುಣ್ಣಿಮೆ ಕವಿಗೋಷ್ಠಿಗೆ ಹೋಗುತ್ತಾಳೆ ಅಂತಲೇ ನಂಬಿಕೆ, ನಾನೂ ತಿದ್ದಲು ಹೋಗಿಲ್ಲ.

ಗುರು ಇಲ್ಲದೆ ಆಗಲ್ವಾ?

ಧಾರಾಳವಾಗಿ ಆಗುತ್ತದೆ. 1980ರ ದಶಕದಿಂದ ಈಚೆಗೆ ಒಬ್ಬರೇ ಕಲಿತು ಒಬ್ಬರೇ ಮಾಡುವವರು ಸಾವಿರಾರು ಜನ. ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ 1988ರಲ್ಲಿ ಅಂಥವರಿಗಾಗಿಯೇ ಪುಸ್ತಕ ಬರೆದ ಮೇಲಂತೂ ಇದು ಮಾಮೂಲಾಯಿತು. ಆದರೆ ಗಾರ್ಡ್ನರ್ ಅವರಿಂದ ಬಂದ ಗಾರ್ಡ್ನೇರಿಯನ್, ಅದರಿಂದ ಕವಲೊಡೆದ ಅಲೆಕ್ಸಾಂಡ್ರಿಯನ್ ಅಂತ ಕರೆಸಿಕೊಳ್ಳುವ ಪಂಥಗಳಿಗೆ ಹೋಗಬೇಕು ಅಂದರೆ ದೀಕ್ಷೆ ಬೇಕು, ದೀಕ್ಷೆ ಕೊಡಲು ಒಬ್ಬರು ಬೇಕು. ಆ ಒಬ್ಬರು ಯಾರು ಅನ್ನುವುದೇ ಇಲ್ಲಿನ ಪ್ರಶ್ನೆ.

"ಗುರು ಇಲ್ಲದಿದ್ದರೆ ನಿನಗೆ ಅಪಾಯ" ಅಂತ ಹೆದರಿಸುವವರು ಸಿಕ್ಕರೆ ಅಲ್ಲೇ ಎದ್ದು ಬನ್ನಿ.

ಒಳ್ಳೆಯವರು ಎಲ್ಲಿ ಸಿಗುತ್ತಾರೆ?

ಹುಡುಕಿಕೊಂಡು ಬರುವವರಲ್ಲಿ ಸಿಗುವುದು ಅಪರೂಪ. ಇಲ್ಲಿ ಹಳೆಯ ಕವನ್‌ಗಳ ರೂಢಿ ಏನೆಂದರೆ ಕೇಳಬೇಕಾದವರು ನೀವು, ಅವರು ನಿಮ್ಮನ್ನು ಕರೆಯುವುದಿಲ್ಲ. ಬ್ರಿಟನ್ನಿನಲ್ಲಿ "ಮೂಟ್" ಅಂತ ತಿಂಗಳಿಗೊಮ್ಮೆ ಪಬ್ಬಿನಲ್ಲಿ ಸೇರುತ್ತಾರೆ. ಒಳಗೆ ಹೋದರೆ ಕಪ್ಪು ನಿಲುವಂಗಿ ಇಲ್ಲ, ಧೂಪ ಇಲ್ಲ. ಐವತ್ತು ದಾಟಿದ ನಾಲ್ಕು ಜನ ಚಿಪ್ಸ್ ತಿನ್ನುತ್ತಾ ಮಂಡಿನೋವಿನ ಬಗ್ಗೆ ಮಾತಾಡುತ್ತಿರುತ್ತಾರೆ. ನನಗೆ ಮೊದಲ ದಿನ ನಿರಾಸೆ ಆಗಿತ್ತು, ಈಗ ಅನಿಸುತ್ತದೆ ಅದೇ ಒಳ್ಳೆಯ ಲಕ್ಷಣ ಅಂತ.

1971ರಿಂದ ಇರುವ ಪೇಗನ್ (ವಿಕ್ಕಾದಂಥ ಪ್ರಕೃತಿಪೂಜೆಯ ಧರ್ಮದವರು) ಫೆಡರೇಶನ್ ಇಂಥ ಜನರನ್ನು ಒಂದು ಕಡೆ ಸೇರಿಸುತ್ತದೆ. ಅಮೆರಿಕದಲ್ಲಿ 1975ರಲ್ಲಿ ಶುರುವಾದ ಕವನೆಂಟ್ ಆಫ್ ದಿ ಗಾಡೆಸ್ ಅನ್ನುವ ವಿಕ್ಕಾದವರ ಸಂಘಟನೆ ಇದೆ. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಪಕ್ಕದ ಬೀದಿಯಲ್ಲಿ 1922ರಿಂದ ನಡೆಯುತ್ತಿರುವ ಅಟ್ಲಾಂಟಿಸ್ ಅನ್ನುವ ಪುಸ್ತಕದಂಗಡಿ ಇದೆ, ಕಾರ್ನ್‌ವಾಲ್‌ನ ಬೋಸ್‌ಕ್ಯಾಸಲ್‌ನಲ್ಲಿ ಮಾಟದ ಮ್ಯೂಸಿಯಂ ಇದೆ. ಇವರಲ್ಲಿ ಯಾರೂ "ಈ ಗುರು ಒಳ್ಳೆಯವರು" ಅಂತ ಸರ್ಟಿಫಿಕೇಟ್ ಕೊಡಲ್ಲ. ಆದರೆ ಜನ ಸೇರುವ ಜಾಗದಲ್ಲಿ ಒಬ್ಬರ ಬಗ್ಗೆ ಹತ್ತು ಜನರನ್ನು ಕೇಳಬಹುದು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ಹತ್ತಿಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ ಅನ್ನುವವರನ್ನು ಆ ಊರಿನ ಮೂಟ್‌ನಲ್ಲಿ ಒಬ್ಬರೂ ನೋಡಿಲ್ಲ ಅಂದರೆ ಯೋಚಿಸಬೇಕು.

"ನಮ್ಮಜ್ಜಿಯಿಂದ ಬಂದ ವಿದ್ಯೆ" ಅನ್ನುತ್ತಾರೆ. ನಂಬಲೇ?

ಅಜ್ಜಿಯರು ಪಾಪ! ಈ ಲೋಕದಲ್ಲಿ ಅವರಷ್ಟು ದುಡಿದವರು ಯಾರೂ ಇಲ್ಲ.

ಅಲೆಕ್ಸ್ ಸ್ಯಾಂಡರ್ಸ್ ಅಂತ ಒಬ್ಬರಿದ್ದರು, ಅಲೆಕ್ಸಾಂಡ್ರಿಯನ್ ಪಂಥ ಶುರು ಮಾಡಿದವರು. ಚಿಕ್ಕ ಹುಡುಗನಾಗಿದ್ದಾಗ ಒಂದು ದಿನ ಅಜ್ಜಿಯ ಮನೆಗೆ ಹೋದೆ, ಅಜ್ಜಿ ಅಡುಗೆಮನೆಯಲ್ಲಿ ಬೆತ್ತಲೆಯಾಗಿ ವೃತ್ತದೊಳಗೆ ನಿಂತಿದ್ದಳು, ಅಲ್ಲೇ ನನಗೆ ದೀಕ್ಷೆ ಕೊಟ್ಟಳು ಅಂತ ಹೇಳಿಕೊಂಡಿದ್ದರು. ಪತ್ರಿಕೆಗಳು ಚಪ್ಪರಿಸಿ ಬರೆದವು. ಆಮೇಲೆ ಗೊತ್ತಾಗಿದ್ದು, 1960ರ ದಶಕದ ಶುರುವಿನಲ್ಲಿ ಅವರಿಗೆ ದೀಕ್ಷೆ ಸಿಕ್ಕಿದ್ದು ಗಾರ್ಡ್ನರ್ ಕಡೆಯವರಿಂದಲೇ. ಇನ್ನು ಗಾರ್ಡ್ನರ್ ಅವರಾದರೂ? 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಅನ್ನುವ ಕಾಡಿನ ಬಳಿ ಒಂದು ಹಳೆಯ ಗುಂಪಿನವರು ತನ್ನನ್ನು ಸೇರಿಸಿಕೊಂಡರು, ಈ ಧರ್ಮ ಕ್ರೈಸ್ತ ಧರ್ಮಕ್ಕಿಂತ ಹಳೆಯದು ಅನ್ನುತ್ತಿದ್ದರು. ಆ ಪುರಾತನ ಧರ್ಮದ ಕಥೆಯನ್ನು ಇವತ್ತು ಇತಿಹಾಸಕಾರರು ಒಪ್ಪುವುದಿಲ್ಲ. ಇವತ್ತಿನ ವಿಕ್ಕಾ ಇಪ್ಪತ್ತನೇ ಶತಮಾನದ್ದು ಅನ್ನುವುದು ಇಲ್ಲಿನ ಹೆಚ್ಚಿನ ಹಿರಿಯರಿಗೂ ಗೊತ್ತು, ಅದರಿಂದ ಅವರಿಗೆ ಬೇಜಾರೂ ಇಲ್ಲ.

ಹಾಗಂತ ಸ್ಯಾಂಡರ್ಸ್ ಹಾದಿಯಲ್ಲಿ ಬಂದವರೆಲ್ಲ ಮೋಸಗಾರರಾ? ಖಂಡಿತ ಅಲ್ಲ, ನನಗೆ ಗೊತ್ತಿರುವ ತುಂಬಾ ಪ್ರಾಮಾಣಿಕ ಜನ ಆ ಕಡೆಯವರೇ. ವಂಶದ ಕಥೆ ಸುಳ್ಳಾದ ಮಾತ್ರಕ್ಕೆ ಪೂಜೆ ಸುಳ್ಳಾಗಲ್ಲ. ಆದರೆ ಇವತ್ತು, ಇಷ್ಟೆಲ್ಲ ಗೊತ್ತಾದ ಮೇಲೂ, ಒಬ್ಬರು ನಿಮ್ಮೆದುರು ಕೂತು "ನಮ್ಮದು ಒಂಬತ್ತು ನೂರು ವರ್ಷದ ಪರಂಪರೆ" ಅಂದರೆ ಅವರು ಏನೂ ಓದಿಲ್ಲ, ಇಲ್ಲವೇ ನೀವು ಓದಿಲ್ಲ ಅಂದುಕೊಂಡಿದ್ದಾರೆ.

ಪರಂಪರೆ ನಿಜವೋ ಸುಳ್ಳೋ ಪತ್ತೆ ಮಾಡೋದು ಹೇಗೆ?

ಸುಲಭ. ದೀಕ್ಷೆ ಕೊಡುವ ಪಂಥಗಳಲ್ಲಿ ಯಾರಿಂದ ಯಾರಿಗೆ ಬಂತು ಅನ್ನುವ ಸರಪಳಿ ಇರುತ್ತದೆ. "ನಿಮಗೆ ದೀಕ್ಷೆ ಕೊಟ್ಟವರು ಯಾರು, ಅವರ ಜೊತೆ ಮಾತಾಡಬಹುದಾ?" ಅಂತ ಕೇಳಿ. ಕೆಲವರು ತಮ್ಮ ಹೆಸರು ಹೊರಗೆ ಬರದಿರಲಿ ಅಂತ ಬಯಸುತ್ತಾರೆ, ಅದು ನ್ಯಾಯವೇ. ಆಗಲೂ ಅದೇ ಪಂಥದ ಬೇರೆ ಕವನ್‌ನವರು "ಹೌದು, ಇವರು ನಮಗೆ ಗೊತ್ತು" ಅಂತ ಹೇಳಬಲ್ಲರು. ದೀಕ್ಷೆ ಕೊಟ್ಟವರು ತೀರಿಕೊಂಡಿದ್ದಾರೆ, ಜೊತೆಗಿದ್ದವರೆಲ್ಲ ಆಸ್ಟ್ರೇಲಿಯಾಗೆ ಹೋಗಿದ್ದಾರೆ, ಕಾಗದಪತ್ರ ಸುಟ್ಟುಹೋಗಿದೆ, ಮೂರೂ ಒಟ್ಟಿಗೆ ಅಂದರೆ ನಗು ತಡೆದುಕೊಂಡು ಮನೆಗೆ ಬನ್ನಿ.

ದುಡ್ಡು ಕೇಳಿದರೆ?

ಯಾತಕ್ಕೆ ಅಂತ ನೋಡಬೇಕು. ಟ್ಯಾರೋ ಕ್ಲಾಸು, ಗಿಡಮೂಲಿಕೆ ಕಾರ್ಯಾಗಾರ, ಬಾಡಿಗೆ ಹಾಲಿನಲ್ಲಿ ಉಪನ್ಯಾಸ, ಇವಕ್ಕೆಲ್ಲ ಫೀಸ್ ಇರುತ್ತದೆ, ತಪ್ಪೇನಿಲ್ಲ. ಮೇಣದಬತ್ತಿ, ವೈನ್, ಕೇಕಿನ ಖರ್ಚು ಎಲ್ಲರೂ ಹಂಚಿಕೊಳ್ಳುತ್ತಾರೆ. ಆದರೆ ಗಾರ್ಡ್ನೇರಿಯನ್, ಅಲೆಕ್ಸಾಂಡ್ರಿಯನ್ ಕವನ್‌ಗಳಲ್ಲಿ ದೀಕ್ಷೆಗೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಈ ದೀಕ್ಷೆಗೆ ಮೂರು ಹಂತ. ಮೊದಲ ಹಂತಕ್ಕೆ ಇಷ್ಟು, ಎರಡನೆಯದಕ್ಕೆ ಇಷ್ಟು, ಮೂರೂ ತಗೊಂಡರೆ ಡಿಸ್ಕೌಂಟ್ ಅಂದರೆ ಅದು ಬಟ್ಟೆ ಅಂಗಡಿ.

ನನ್ನದೇ ಕಥೆ ಹೇಳಿಬಿಡುತ್ತೇನೆ. ಶುರುವಿನಲ್ಲಿ ನಾನೂ ಒಂದು ಆನ್‌ಲೈನ್ ಕೋರ್ಸಿಗೆ 300 ಪೌಂಡ್ ಕಟ್ಟಿದೆ. ಪೇಜಿನ ಮೇಲೆ ಗಡಿಯಾರ ಓಡುತ್ತಿತ್ತು, "ಇನ್ನು ಎರಡೇ ಸೀಟು" ಅಂತಿತ್ತು. ಮೂರನೇ ತಿಂಗಳು ಟೀಚರಮ್ಮ ಗಂಭೀರವಾಗಿ ಫೋನ್ ಮಾಡಿ, ನಿನ್ನ ಮನೆತನದ ಮೇಲೆ ಏನೋ ಹಳೆಯ ಶಾಪ ಇದೆ, ಅದನ್ನು ತೆಗೆಯದೆ ಮುಂದೆ ಕಲಿಸಲು ಆಗಲ್ಲ, 450 ಪೌಂಡ್ ಆಗುತ್ತದೆ ಅಂದರು. ಒಂದು ಕ್ಷಣ ಕೈಕಾಲು ತಣ್ಣಗಾಯಿತು. ಮರುಕ್ಷಣ ನಮ್ಮೂರಿನ ಬಸ್‌ಸ್ಟ್ಯಾಂಡ್ ಗೋಡೆಯ ವಶೀಕರಣ ಸ್ಪೆಷಲಿಸ್ಟ್ ಪೋಸ್ಟರ್ ನೆನಪಾಯಿತು. ಅದೇ ವ್ಯಾಪಾರ, ಇಂಗ್ಲಿಷ್ ಉಚ್ಚಾರಣೆ ಮಾತ್ರ ಬೇರೆ. ಫೋನ್ ಇಟ್ಟೆ. ಮೊದಲು ಕಟ್ಟಿದ್ದು ವಾಪಸ್ ಬರಲಿಲ್ಲ, ಬಿಡಿ.

ರೋಗ ತಾನೇ ಹೇಳಿ ಔಷಧಿಯೂ ತಾನೇ ಮಾರುವವರ ಹತ್ತಿರ ಏನನ್ನೂ ಕಲಿಯಲು ಹೋಗಬೇಡಿ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು ಅನ್ನುವವರ ಹತ್ತಿರವಂತೂ ಒಂದು ನಿಮಿಷವೂ ಕೂರಬೇಡಿ, ಅದು ಮನಸ್ಸಿನ ಕಾಯಿಲೆಯ ಮಾತ್ರೆಯಾದರೂ ಅಷ್ಟೇ.

ಬಟ್ಟೆ ಬಿಚ್ಚಬೇಕಂತೆ ಹೌದಾ? ಕೇಳೋಕೇ ಮುಜುಗರ.

ಮುಜುಗರ ಬೇಡ, ಇದನ್ನೇ ಮೊದಲು ಕೇಳಬೇಕು. ಗಾರ್ಡ್ನರ್ ಅವರ ಪಂಥದಲ್ಲಿ ಬೆತ್ತಲೆಯಾಗಿ ಪೂಜೆ ಮಾಡುವ ರೂಢಿ ಇದೆ. ಅದಕ್ಕೆ "ಸ್ಕೈಕ್ಲಾಡ್" ಅನ್ನುತ್ತಾರೆ, ಆಕಾಶವನ್ನೇ ಉಟ್ಟವರು ಅಂತ. ನಮ್ಮ "ದಿಗಂಬರ" ಅನ್ನುವ ಮಾತಿನ ಅರ್ಥವೂ ಹೆಚ್ಚುಕಡಿಮೆ ಅದೇ ಅಲ್ವಾ? ಬೇರೆ ಎಷ್ಟೋ ಗುಂಪುಗಳು ನಿಲುವಂಗಿ ಹಾಕಿಕೊಂಡೇ ಮಾಡುತ್ತವೆ. ದೀಕ್ಷೆಯ ಮೂರನೇ ಹಂತದಲ್ಲಿ ಗಂಡು ಹೆಣ್ಣಿನ ಕೂಡುವಿಕೆಯ ವಿಧಿ ಒಂದಿದೆ. ಅದನ್ನು ಸಾಮಾನ್ಯವಾಗಿ ಬಟ್ಟಲಿನೊಳಗೆ ಚಾಕು ಅದ್ದಿ, ಸಂಕೇತವಾಗಿ ಮಾಡುತ್ತಾರೆ. ಮೊದಲೇ ಗಂಡ ಹೆಂಡತಿಯೋ ಜೋಡಿಯೋ ಆಗಿದ್ದವರು ತಮ್ಮ ಪಾಡಿಗೆ ಏಕಾಂತದಲ್ಲಿ ಏನು ಮಾಡಿಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟಿದ್ದು.

ಒಳ್ಳೆಯ ಗುಂಪು ಇದನ್ನೆಲ್ಲ ಮೊದಲ ಒಂದೆರಡು ಭೇಟಿಯಲ್ಲೇ, ಹಗಲು ಹೊತ್ತಿನಲ್ಲಿ, ಕಾಫಿ ಕುಡಿಯುತ್ತಾ ಬಿಡಿಸಿ ಹೇಳುತ್ತದೆ. "ನನಗೆ ಇದು ಒಗ್ಗಲ್ಲ" ಅಂದರೆ "ಹಾಗಾದರೆ ನಿನಗೆ ಇಂಥ ಗುಂಪು ಸರಿ ಹೋಗಬಹುದು" ಅಂತ ದಾರಿ ತೋರಿಸುತ್ತದೆ. ಕೆಟ್ಟ ಗುಂಪು ಆ ರಾತ್ರಿಯ ತನಕ ಬಾಯಿ ಬಿಡಲ್ಲ. ದೀಕ್ಷೆಗೆ ಬದಲಾಗಿ ಗುರುವಿನ ಜೊತೆ ಮಲಗಬೇಕು ಅಂದರೆ ಅದು ವಿಕ್ಕಾ ಅಲ್ಲ, ಅಪರಾಧ. "ಸಂಪ್ರದಾಯ" ಅಂದರೂ ಅಷ್ಟೇ, "ಶಕ್ತಿ ವರ್ಗಾವಣೆ" ಅಂದರೂ ಅಷ್ಟೇ.

ಗುಟ್ಟು ಕಾಪಾಡುವ ಪ್ರಮಾಣ ಇರುತ್ತಂತೆ. ಏನು ಕಲಿಸ್ತಾರೆ ಅಂತ ಗೊತ್ತಿಲ್ಲದೆ ಸೇರೋದು ಹೇಗೆ?

ಗುಟ್ಟುಗಳು ಇರುತ್ತವೆ, ನಿಜ. ವಿಧಿಗಳ ಪಠ್ಯ, ಕೆಲವು ಹೆಸರುಗಳು, ಜೊತೆಗಿರುವವರು ಯಾರು ಅನ್ನುವುದು. ಆದರೆ ಗುಂಪಿನ ನಿಯಮ ಗುಟ್ಟಲ್ಲ. ಎಷ್ಟು ದಿನಕ್ಕೊಮ್ಮೆ ಸೇರುತ್ತೀರಿ, ಖರ್ಚೆಷ್ಟು, ಯಾರು ಯಾರನ್ನು ಮುಟ್ಟುತ್ತಾರೆ, ಬಿಟ್ಟು ಹೋದರೆ ಏನಾಗುತ್ತದೆ, ಇದಕ್ಕೆಲ್ಲ ನೇರ ಉತ್ತರ ಸಿಗಬೇಕು. ನಿಮ್ಮ ಮೇಲೆ ನಡೆದ ತಪ್ಪನ್ನು ಪೊಲೀಸರಿಗೆ ಹೇಳಬಾರದು ಅನ್ನುವ ಪ್ರಮಾಣ ಯಾವ ಪಂಥದಲ್ಲೂ ಇಲ್ಲ, ಇದ್ದರೂ ಅದಕ್ಕೆ ಬೆಲೆ ಇಲ್ಲ.

ಸಾಮಾನ್ಯವಾಗಿ ದೀಕ್ಷೆಗೆ ಮುಂಚೆ ಒಂದು ವರ್ಷ ಒಂದು ದಿನ ಕಾಯಿಸುತ್ತಾರೆ. ಇದು ಅವರು ನಿಮ್ಮನ್ನು ನೋಡುವುದಕ್ಕೆ ಮಾತ್ರ ಅಂದುಕೊಳ್ಳಬೇಡಿ, ನೀವು ಅವರನ್ನು ನೋಡುವುದಕ್ಕೂ ಹೌದು. ಮೊದಲ ವಾರವೇ "ನಿನ್ನಲ್ಲಿ ಏನೋ ವಿಶೇಷ ಇದೆ, ಈ ಹುಣ್ಣಿಮೆಗೇ ದೀಕ್ಷೆ" ಅಂದರೆ ಖುಷಿಯಾಗುತ್ತದೆ. ಖುಷಿಯಾಗಲಿ ಅಂತಲೇ ಹೇಳಿರುತ್ತಾರೆ.

ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕೊನೆಗೆ ಒಂದೇ ಒಂದು ಪರೀಕ್ಷೆ ಅಂದರೆ ಯಾವುದು?

"ಇಲ್ಲ" ಅಂದು ನೋಡಿ. ಏನಾದರೂ ಸಣ್ಣದಕ್ಕೆ. "ಈ ವಾರ ಬರಕ್ಕಾಗಲ್ಲ", "ಆ ಪುಸ್ತಕದಲ್ಲಿ ಬೇರೆ ಥರ ಇದೆಯಲ್ಲ", "ಇದನ್ನು ನಾನು ಮಾಡಲ್ಲ". ಆಮೇಲೆ ಅವರ ಮುಖ ನೋಡಿ.

ಇದಕ್ಕೆ ಡೋರೀನ್ ವ್ಯಾಲಿಯೆಂಟೆ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1953ರಲ್ಲಿ ಗಾರ್ಡ್ನರ್ ಅವರಿಂದಲೇ ದೀಕ್ಷೆ ಪಡೆದವರು. ಪುರಾತನ ಅಂತ ಗುರುಗಳು ಕೊಟ್ಟ ವಿಧಿಗಳ ಪುಸ್ತಕ ಓದುತ್ತಾ ಓದುತ್ತಾ, ಅರೆ, ಇದರಲ್ಲಿ ಎಷ್ಟೋ ಸಾಲು ಇಪ್ಪತ್ತನೇ ಶತಮಾನದ ಮಾಂತ್ರಿಕ ಲೇಖಕ ಅಲಿಸ್ಟರ್ ಕ್ರೌಲಿ ಬರೆದದ್ದಲ್ಲವೇ ಅಂತ ಕಂಡುಹಿಡಿದು, ಅದನ್ನು ನೇರವಾಗಿ ಗುರುವಿಗೇ ಹೇಳಿದರು. ಗಾರ್ಡ್ನರ್ ಸಿಡುಕಲಿಲ್ಲ. ನಿನಗೆ ಇದಕ್ಕಿಂತ ಚೆನ್ನಾಗಿ ಬರೆಯಲು ಆದರೆ ಬರಿ ಅಂದರು. ಆಕೆ ಬರೆದೇಬಿಟ್ಟರು! ಇವತ್ತು ಜಗತ್ತಿನಾದ್ಯಂತ ವಿಕ್ಕಾದವರು ಹೇಳುವ ಎಷ್ಟೋ ಸುಂದರ ಮಾತುಗಳು ಆಕೆಯ ಕೈಯಿಂದ ಬಂದವು.

ಅಲ್ಲಿಗೆ ಮುಗಿದಿದ್ದರೆ ಒಳ್ಳೆಯ ಗುರುವಿನ ಕಥೆ ಆಗುತ್ತಿತ್ತು. ಕೆಲವು ವರ್ಷ ಆದ ಮೇಲೆ ಗಾರ್ಡ್ನರ್ ಪತ್ರಿಕೆಯವರ ಹಿಂದೆ ಜಾಸ್ತಿ ಓಡಾಡಲು ಶುರು ಮಾಡಿದರು. ಕವನ್‌ಗೆ ಇದರಿಂದ ತೊಂದರೆ ಆಗುತ್ತದೆ ಅಂತ ಡೋರೀನ್ ಮತ್ತು ಜೊತೆಯವರು 1957ರಲ್ಲಿ ಕೆಲವು ನಿಯಮ ಬರೆದು ಮುಂದಿಟ್ಟರು. ಆಗ ಗುರುಗಳು, ನಿಮ್ಮ ನಿಯಮ ಯಾಕೆ, ನಮ್ಮ ಧರ್ಮಕ್ಕೆ ಹಳೆಯ ಕಟ್ಟಳೆಗಳೇ ಇವೆಯಲ್ಲ ಅಂತ ಒಂದು ಪಟ್ಟಿ ತೆಗೆದರು. ಅಷ್ಟು ವರ್ಷ ಯಾರೂ ನೋಡದ ಪಟ್ಟಿ. ಅದರಲ್ಲಿ ಒಂದು ಕಟ್ಟಳೆ ಏನು ಗೊತ್ತಾ? ವಯಸ್ಸಾದ ಮೇಲೆ ಮುಖ್ಯ ಪೂಜಾರಿಣಿ ಕಿರಿಯ ಹೆಣ್ಣಿಗೆ ಜಾಗ ಬಿಟ್ಟುಕೊಡಬೇಕು ಅಂತ! ಡೋರೀನ್ ಎದ್ದು ಹೊರಟರು.

ಒಬ್ಬನೇ ಮನುಷ್ಯ. ಮೊದಲ ಸಲ ಶಿಷ್ಯೆ ತಪ್ಪು ಎತ್ತಿ ತೋರಿಸಿದಾಗ ಪೆನ್ನು ಕೊಟ್ಟ, ಎರಡನೇ ಸಲ ಪುರಾತನ ಕಾನೂನು ಹುಟ್ಟಿಸಿದ. ಅದಕ್ಕೇ ಈ ಪರೀಕ್ಷೆ ಒಂದು ಸಲ ಮಾಡಿ ಮುಗಿಸುವಂಥದ್ದಲ್ಲ. ಸೇರಿ ಐದು ವರ್ಷ ಆದಮೇಲೂ ನಡುನಡುವೆ "ಇಲ್ಲ" ಅನ್ನುತ್ತಿರಬೇಕು.

ಇನ್ನೂ ಇದೆ. ಇಷ್ಟು ಚುರುಕಿನ ಡೋರೀನ್ ಆಮೇಲೆ ರಾಬರ್ಟ್ ಕಾಕ್ರೇನ್ ಅನ್ನುವವನ ಗುಂಪಿಗೆ ಸೇರಿದರು. ಅವನೂ ನಮ್ಮದು ಮನೆತನದ ವಿದ್ಯೆ ಅನ್ನುತ್ತಿದ್ದವನೇ. ಗಾರ್ಡ್ನರ್ ಕಡೆಯವರನ್ನು ಬೈಯುವುದೇ ಅವನ ದಿನಚರಿಯಾದಾಗ, ಹೇಳಿದ್ದು ಎಷ್ಟೋ ಕಟ್ಟುಕಥೆ ಅಂತ ಅನಿಸಿದಾಗ ಅಲ್ಲಿಂದಲೂ ಹೊರಬಂದರು. ನೀವು ಒಂದು ಸಲ ಮೋಸ ಹೋದರೆ ನಾಚಿಕೆಪಡಬೇಡಿ ಅಂತ ಇದನ್ನು ಹೇಳುತ್ತಿದ್ದೇನೆ. 1980ರಲ್ಲಿ, ಗಾರ್ಡ್ನರ್ ಸತ್ತು ಹದಿನಾರು ವರ್ಷ ಆದಮೇಲೆ, ನ್ಯೂ ಫಾರೆಸ್ಟ್ ಗುಂಪಿಗೆ ತನ್ನನ್ನು ಸೇರಿಸಿಕೊಂಡವಳು ಅಂತ ಅವರು ಹೇಳಿದ್ದ "ಓಲ್ಡ್ ಡೊರೊಥಿ" ಅನ್ನುವ ಹೆಂಗಸು ನಿಜಕ್ಕೂ ಇದ್ದಳಾ ಅಂತ ಡೋರೀನ್ ದಾಖಲೆ ಹುಡುಕಲು ಹೊರಟರು. ಇದ್ದಳು! 1880ರಲ್ಲಿ, ಅದೂ ನಮ್ಮ ಭಾರತದಲ್ಲಿ ಹುಟ್ಟಿದ್ದಳು. ಅವಳು ವಿಚ್ ಆಗಿದ್ದಳಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಅದು ಬೇರೆ. ಜಗಳ ಆಡಿ ಬಿಟ್ಟು ಬಂದ ಗುರುವಿನ ಮಾತನ್ನೂ ನ್ಯಾಯವಾಗಿ ಪರೀಕ್ಷಿಸಿ, ಸರಿ ಇದ್ದದ್ದನ್ನು ಸರಿ ಅಂದರು. ಬ್ರೈಟನ್‌ನಲ್ಲಿ ಡೋರೀನ್ ಇದ್ದ ಫ್ಲಾಟಿನ ಕಟ್ಟಡಕ್ಕೆ 2013ರಲ್ಲಿ, ಹೆಸರಾದವರು ಇದ್ದ ಜಾಗ ಅಂತ ಗುರುತಿಸುವ ನೀಲಿ ಫಲಕ ಹಾಕಿದ್ದಾರೆ, ಆ ಕಡೆ ಹೋದರೆ ನೋಡಿ ಬನ್ನಿ.

ಬರೆದಿಟ್ಟುಕೊಂಡು ಟಿಕ್ ಮಾಡುವಂಥ ಪಟ್ಟಿ ಇದೆಯಾ?

ಇದೆ. ಅಮೆರಿಕದ ಪೇಗನ್ ಲೇಖಕ ಐಸಾಕ್ ಬೋನ್‌ವಿಟ್ಸ್ 1979ರಲ್ಲಿ ಒಂದು ಮಾಡಿದರು, ಆಮೇಲೆ ತಿದ್ದುತ್ತಾ ಹೋದರು. ಒಂದೊಂದು ಅಂಶಕ್ಕೂ 1ರಿಂದ 10ರವರೆಗೆ ಅಂಕ ಕೊಡಬೇಕು, ಒಟ್ಟು ಜಾಸ್ತಿಯಾದಷ್ಟೂ ಅಪಾಯ. ನಾಯಕರ ಹಿಡಿತ ಎಷ್ಟು, ದುಡ್ಡಿನ ಒತ್ತಡ ಎಷ್ಟು, ಲೈಂಗಿಕ ಒತ್ತಡ ಎಷ್ಟು, ಹೊರಗಿನವರ ಜೊತೆ ಸಂಬಂಧ ಕಡಿಯುತ್ತಾರಾ, ಬಿಟ್ಟುಹೋಗುವವರನ್ನು ತಡೆಯುತ್ತಾರಾ, ಹೀಗೆ. ನನಗೆ ಇಷ್ಟವಾದದ್ದು ಅದರಲ್ಲಿರುವ ಒಂದು ವಿಚಿತ್ರ ಅಂಶ: ಗುಂಪಿನವರು ತಮ್ಮ ಬಗ್ಗೆ ತಾವೇ ನಗುತ್ತಾರಾ, ಇಲ್ಲವಾ? ನಾನು ನೋಡಿದ ಒಳ್ಳೆಯ ಕವನ್‌ಗಳಲ್ಲಿ ಪೂಜೆಯ ಮಧ್ಯೆ ಯಾರಾದರೂ ಸಾಲು ಮರೆತರೆ ಮೊದಲು ನಗುವವರು ಮುಖ್ಯ ಪೂಜಾರಿಣಿಯೇ.

ಅಂಕ ಕೂಡಿಸುವುದು ನನಗೆ ಅಷ್ಟು ಸರಿಕಾಣಲ್ಲ. ಎಲ್ಲದರಲ್ಲೂ 2 ತೆಗೆದುಕೊಂಡು ಲೈಂಗಿಕ ಒತ್ತಡದಲ್ಲಿ ಮಾತ್ರ 9 ಇದ್ದರೆ ಒಟ್ಟು ಕಡಿಮೆಯೇ ಬರುತ್ತದೆ, ಆದರೆ ಅಲ್ಲಿ ಒಂದು ದಿನವೂ ಇರಬಾರದು.

ನಾನಿರೋದು ಬೆಂಗಳೂರಲ್ಲಿ. ಇಲ್ಲಿ ಯಾರ ಹತ್ತಿರ ಕಲೀಲಿ?

ಕಷ್ಟ. ಭಾರತದಲ್ಲಿ ಬಹಿರಂಗವಾಗಿ ವಿಕ್ಕಾದ ಬಗ್ಗೆ ಮಾತಾಡಿದವರಲ್ಲಿ ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ ಅವರ ಹೆಸರು ದೊಡ್ಡದು, 1980ರ ದಶಕದಲ್ಲೇ ತಾನು ವಿಚ್ ಅಂತ ಹೇಳಿಕೊಂಡವರು. ಹೀಗೆ ಹೇಳಿಕೊಳ್ಳಲು ಭಾರತದಲ್ಲಿ ಧೈರ್ಯ ಬೇಕು. ಜಾರ್ಖಂಡ್, ಅಸ್ಸಾಂನಲ್ಲಿ ಮಾಟಗಾತಿ ಅಂತ ಹಣೆಪಟ್ಟಿ ಹಚ್ಚಿ ಬಡ ಹೆಂಗಸರನ್ನು ಕೊಂದಿದ್ದಾರೆ. ಹಾಗೆ ಹಿಂಸೆ ಅನುಭವಿಸಿ ಬದುಕಿ ಉಳಿದು ಬೇರೆಯವರನ್ನೂ ಕಾಪಾಡಿದ ಛುಟ್ನಿ ಮಹತೋ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇನ್‌ಸ್ಟಾಗ್ರಾಮಿನಲ್ಲಿ "ವಿಚ್" ಅಂತ ಹಾಕಿಕೊಳ್ಳುವಾಗ ನಮಗೆ ಈ ನೆನಪೂ ಇರಲಿ.

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ನೀವು ನಿಮ್ಮ ಮನೆಯಲ್ಲಿ ಮೇಣದಬತ್ತಿ ಹಚ್ಚಿ ಚಂದ್ರನನ್ನು ನೋಡುವುದಕ್ಕೆ ಅದು ಅಡ್ಡ ಬರಲ್ಲ. ಆದರೆ ಅತೀಂದ್ರಿಯ ಶಕ್ತಿ ಇದೆ ಅಂತ ನಂಬಿಸಿ ಹೆದರಿಸುವುದು, ಲೈಂಗಿಕವಾಗಿ ಬಳಸಿಕೊಳ್ಳುವುದು ಅದರಡಿ ಅಪರಾಧ. "ಗುರು" ಅಂತ ಯಾರಾದರೂ ಆ ದಾರಿ ಹಿಡಿದರೆ ನಿಮ್ಮ ಕೈಯಲ್ಲಿ ಕಾನೂನು ಇದೆ ಅನ್ನುವುದು ಗೊತ್ತಿರಲಿ.

ಕಲಿಯುವುದಕ್ಕೆ? ಪುಸ್ತಕದಿಂದ ಶುರು ಮಾಡಿ. ಪರೀಕ್ಷೆ ಇಲ್ಲ, ಗಡುವು ಇಲ್ಲ. ಆನ್‌ಲೈನ್ ಟೀಚರ್ ಹುಡುಕುವುದಾದರೆ, ಮುಖ ತೋರಿಸದವರು, ನಿಮ್ಮ ಫೋಟೋ ಕೇಳುವವರು, ಹುಟ್ಟಿದ ಊರು ದಿನಾಂಕ ಕೇಳಿ ಎರಡೇ ನಿಮಿಷಕ್ಕೆ ಗಂಡಾಂತರ ಹೇಳುವವರು ಬೇಡ.

ನನಗಿನ್ನೂ 16. ಸೇರಿಸ್ಕೊಳ್ತಾರಾ?

ಸರಿಯಾದವರು ಸೇರಿಸಿಕೊಳ್ಳಲ್ಲ. 18 ಆಗುವ ತನಕ ಕಾಯಿ ಅನ್ನುತ್ತಾರೆ. "ಅಪ್ಪ ಅಮ್ಮನಿಗೆ ಹೇಳಬೇಡ" ಅನ್ನುವವರು ಸಿಕ್ಕರೆ ಮೊದಲು ಅಪ್ಪ ಅಮ್ಮನಿಗೆ, ಇಲ್ಲ ನಂಬುವ ಯಾರಾದರೂ ದೊಡ್ಡವರಿಗೆ ಹೇಳು.

ಆಗಲೇ ಸೇರಿಬಿಟ್ಟಿದ್ದೇನೆ. ಸರಿ ಅನಿಸ್ತಿಲ್ಲ. ಬಿಟ್ಟರೆ ಶಾಪ ತಟ್ಟುತ್ತೆ ಅಂತಾರೆ.

ತಟ್ಟಲ್ಲ. ಯಾರಿಗೂ ಕೇಡು ಮಾಡಬೇಡ ಅನ್ನುವ ಸೂತ್ರ ಹೇಳಿಕೊಟ್ಟವರೇ ಶಾಪದ ಬೆದರಿಕೆ ಹಾಕುತ್ತಿದ್ದಾರೆ ಅಂದರೆ ಅವರು ತಾವು ಕಲಿಸಿದ್ದನ್ನೇ ನಂಬಿಲ್ಲ. ದೊಡ್ಡ ಕಾರಣ ಕೊಡಬೇಕಾಗಿಲ್ಲ. "ಇನ್ನು ಮುಂದೆ ಬರಲ್ಲ, ಇಷ್ಟು ದಿನ ಕಲಿಸಿದ್ದಕ್ಕೆ ಥ್ಯಾಂಕ್ಸ್" ಅಂತ ಎರಡು ಸಾಲು ಬರೆದು ಕಳಿಸಿ. ಹೊರಡುವ ಮುಂಚೆ ಹೊರಗಿನ ಒಬ್ಬ ಸ್ನೇಹಿತರಿಗೆ ವಿಷಯ ತಿಳಿಸಿ. ಮೆಸೇಜುಗಳನ್ನು ಅಳಿಸಬೇಡಿ, ಮುಂದೆ ದೂರು ಕೊಡಬೇಕಾಗಿ ಬಂದರೆ ಬೇಕಾಗುತ್ತವೆ.

ಕವನ್‌ನ ವಿಧಿಗಳ ಪುಸ್ತಕವನ್ನು ವಾಪಸ್ ಕೇಳಿದರೆ ಕೊಟ್ಟುಬಿಡಿ, ಅದು ಅವರದ್ದು. ನಿಮ್ಮ ಸ್ವಂತ ಡೈರಿ, ಕನಸು ಗಿನಸು ಬರೆದಿಟ್ಟುಕೊಂಡದ್ದು, ಅದನ್ನೂ ಕೇಳುತ್ತಾರೆ ಕೆಲವರು. ಅದನ್ನು ಕೊಡಬೇಡಿ.